ಇರ್ಫಾನನ ರಿವಾಲ್ವರ್, ನಮ್ಮ ಚರಗ

ಶಹಾಬಾದ

ನಮ್ಮ ಮನೆಯವರು ದೊಡ್ಡ ಸಾಮಾನು ಯಾವುದನ್ನೂ ಒಬ್ಬರೇ ಹೋಗಿ ಕೊಂಡವರಲ್ಲ. ಎತ್ತು ಕೊಳ್ಳಲು ಹೊರಟರೂ, ಕಲ್ಲು ಕೊಯ್ಯುವ ಮಷೀನು ಕೊಳ್ಳಲು ಹೊರಟರೂ ಜೊತೆಗೊಬ್ಬ ಗೆಳೆಯ ಬೇಕು. ಅವನು ಪಕ್ಕದಲ್ಲಿ ನಿಂತು ಹೂಂ ಅಂದರೆ ಸಾಕು. ಇಲ್ಲದಿದ್ದರೆ ವ್ಯಾಪಾರ ಕುದುರಿತೆಂದು ಇವರಿಗೆ ಅನ್ನಿಸುವುದೇ ಇಲ್ಲ. ಸೇಡಂ, ಚಿತ್ತಾಪುರ, ವಾಡಿ, ಎಲ್ಲಿಯ ಗಂಡಸರನ್ನು ನೋಡಿದರೂ ಇದೇ ಕಥೆ. ಹಾಗಾಗಿ ಇರ್ಫಾನ್ ಭಾಯಿ ಅಲಾಸ್ಕಾದಿಂದ ಫೋನು ಮಾಡಿ, "ಶರಣು, ನಾ ಒಂದು ರಿವಾಲ್ವರ್ ತಗೋಬೇಕಾಗ್ಯದ. ನೀ ಬರೂತನಕ ತಗೊಳ್ಳಂಗಿಲ್ಲ ನೋಡು" ಎಂದಾಗ ನನಗೆ ನಗು ಬಂತು, ಇವರಿಗೆ ಬರಲಿಲ್ಲ. ಗಂಭೀರವಾಗಿ ಪಾಸ್‌ಪೋರ್ಟು ಹುಡುಕತೊಡಗಿದರು.

ಇರ್ಫಾನ್ ಭಾಯಿ ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವರು, ಇವರ ಬಾಲ್ಯದ ಗೆಳೆಯ. ಇಬ್ಬರಿಗೂ ಕಲ್ಲಿನ ಹುಚ್ಚು. ನಮ್ಮವರು ಶಹಾಬಾದದಲ್ಲಿ ಫರ್ಶಿ ಕಲ್ಲಿಗೆ ಪಾಲಿಶ್ ಹೊಡೆಸುವ ಯಾರ್ಡು ಹಾಕಿ ಕುಳಿತರು. ಇರ್ಫಾನ್ ಭಾಯಿ ಭೂಗರ್ಭಶಾಸ್ತ್ರ ಓದಿ ಅಲಾಸ್ಕಾ ಸೇರಿದರು. ಬೇಸಿಗೆಯಿಡೀ ಜನರಿಲ್ಲದ ಗುಡ್ಡಗಳಲ್ಲಿ ನಡೆದು ಯಾವ ಬಂಡೆ ಎಲ್ಲಿದೆ ಎಂದು ನಕ್ಷೆ ಬರೆಯುವುದು ಅವರ ಕೆಲಸ. ಇಷ್ಟು ವರ್ಷ ಬಂದೂಕು ಹಿಡಿದ ಸಹೋದ್ಯೋಗಿಯೊಬ್ಬ ಜೊತೆಗಿರುತ್ತಿದ್ದ. ಅವನು ನಿವೃತ್ತನಾಗಿದ್ದರಿಂದ ಕರಡಿಗಳ ಸೀಮೆಯಲ್ಲಿ ಈಗ ಇರ್ಫಾನ್ ಭಾಯಿ ಒಬ್ಬರೇ ಓಡಾಡಬೇಕು.

"ತಗೊಳ್ಳೋದೇನು ಸುಲಭ ಅದ ವೈನಿ," ಎಂದು ಇರ್ಫಾನ್ ಭಾಯಿ ಫೋನಿನಲ್ಲೇ ನನಗೆ ಹೇಳಿದರು. "ಆದ್ರ ಜೀವ ಇರೋದರ ಮ್ಯಾಲ ಹಾರಸ್ಲಿಕ್ಕ ನನ್ನ ಕೈಲಿ ಆಗ್ತದೋ ಇಲ್ಲೋ, ಅದೇ ತಿಳೀವಲ್ದು."

ಬಂದೂಕಿನ ಮನೆಯಲ್ಲೇ ಬೆಳೆದವಳು ನಾನು. ನನ್ನ ತವರು ಸೇಡಂ. ಬೆಳೆಗೆ ಬೀಳುವ ಕಾಡುಹಂದಿ ಬೆದರಿಸಲು ಅಪ್ಪನ ಹತ್ತಿರ ಲೈಸೆನ್ಸಿನ ಬಂದೂಕಿತ್ತು. ಎಲೆಕ್ಷನ್ ಬಂತೆಂದರೆ ಅದನ್ನು ಠಾಣೆಗೆ ಜಮಾ ಮಾಡಬೇಕು. ನಮ್ಮ ದೇಶದಲ್ಲಿ ಯಾವುದಾದರೊಂದು ಎಲೆಕ್ಷನ್ ಬಂದೇ ಇರುತ್ತದೆ. ಹೀಗಾಗಿ ಅದು ಅಪ್ಪನಿಗಿಂತ ಫೌಜದಾರರ ಬಳಿಯೇ ಹೆಚ್ಚು ದಿನ ಬಾಳಿತು, ಹಂದಿಗಳು ಸುಖವಾಗಿದ್ದವು.

ಬಂದೂಕಿನ ಅಂಗಡಿ

ಇವರ ಜೊತೆ ನಾನೂ ಹೊರಟೆ. ಅಲಾಸ್ಕಾದಲ್ಲಿ ಇರ್ಫಾನ್ ಭಾಯಿ ಇರುವ ಊರಿನ ಅಂಗಡಿಯಲ್ಲಿ ಒಂದು ಗೋಡೆಗೆ ಮಕ್ಕಳ ರೇನ್‌ಕೋಟು, ಇನ್ನೊಂದು ಗೋಡೆಗೆ ಬಂದೂಕು. ನಡುವೆ ಸರಾಫರ ಅಂಗಡಿಯ ಹಾಗೆ ಗಾಜಿನ ಪೆಟ್ಟಿಗೆ, ಒಳಗೆ ಬಂಗಾರದ ಬದಲು ರಿವಾಲ್ವರುಗಳು. ಬಾಗಿಲಲ್ಲಿ ಹುಲ್ಲು ತುಂಬಿದ ಕಂದು ಕರಡಿಯೊಂದು ಹಲ್ಲು ಕಿರಿದು ಎದ್ದು ನಿಂತಿತ್ತು. ಅದರ ಕಾಲ ಉಗುರುಗಳು ಮಾತ್ರ ನುಣುಪಾಗಿ ಹೊಳೆಯುತ್ತಿದ್ದವು. ಬಂದುಹೋಗುವ ಮಕ್ಕಳು ಮುಟ್ಟಿ ಮುಟ್ಟಿ ಹಾಗಾಗಿದೆಯಂತೆ. ನಾನು ಅದಕ್ಕೆ ಬೆನ್ನು ಮಾಡಿ ನಿಲ್ಲಲು ಆಗದೆ ಪಕ್ಕಕ್ಕೆ ಸರಿದೆ.

ಅಂಗಡಿಯಾಕೆ ನರೆಗೂದಲಿನ ಹೆಂಗಸು, ಕುತ್ತಿಗೆಗೆ ಸರಪಳಿ ಕಟ್ಟಿದ ಕನ್ನಡಕ. ಪ್ರವಾಸಕ್ಕೆ ಬಂದವರು ನೋಡಬಹುದು, ಮುಟ್ಟುವಂತಿಲ್ಲ ಎಂದು ಮೊದಲೇ ಹೇಳಿದಳು. ಇವರಿಗೆ ದೊಡ್ಡ ನಿರಾಸೆ. ಶಹಾಬಾದದಲ್ಲಿ ಕಲ್ಲನ್ನು ಬೆರಳ ಗೆಣ್ಣಿನಿಂದ ಬಡಿದು, ಸಪ್ಪಳ ಕೇಳಿ ಒಳಗೆ ಬಿರುಕು ಇದೆಯೋ ಇಲ್ಲವೋ ಹೇಳುವ ಮನುಷ್ಯ ಇವರು.

"ಇರ್ಫಾನ, ನೀನರೆ ಒಂದ್ಸಲ ಬಡದು ನೋಡಲೇ," ಅಂದರು.

"ಇದೇನು ಫರ್ಶೀನೇನೋ ಮಾರಾಯ, ಬಡದು ನೋಡ್ಲಿಕ್ಕ!"

ಅಲ್ಲಿ ರಿವಾಲ್ವರುಗಳನ್ನು ನಂಬರಿನಿಂದಲೇ ಕರೆಯುತ್ತಾರೆ. ಎಲ್ಲಕ್ಕಿಂತ ದೊಡ್ಡದು ಐನೂರು. ಅದರ ಗುಂಡು ನನ್ನ ಕಿರುಬೆರಳಿನಷ್ಟು ದಪ್ಪ. ಇವರಿಗೆ ನೋಡಿದ ಕೂಡಲೇ ಅದರ ಮೇಲೆ ಮನಸ್ಸಾಯಿತು. ಆಕೆ ತಲೆಯಾಡಿಸಿದಳು. ಒಂದು ಗುಂಡು ಹಾರಿಸಿದರೆ ಕೈ ಆಕಾಶಕ್ಕೆ ಹೋಗುತ್ತದೆ, ಎರಡನೆಯದಕ್ಕೆ ಅದು ಇಳಿದು ಬರುವಷ್ಟರಲ್ಲಿ ಕರಡಿ ನಿಮ್ಮ ಮೇಲಿರುತ್ತದೆ ಎಂದಳು. ಹಗುರ ಲೋಹದ ಇನ್ನೊಂದು ತೋರಿಸಿದಳು. ಹೊರಲು ಸಲೀಸು, ಆದರೆ ಹಗುರವಾದಷ್ಟೂ ಕೈಗೆ ಒದೆ ಜಾಸ್ತಿ. ಮಳೆಯಲ್ಲಿ ನೆನೆದರೂ, ವರ್ಷಗಟ್ಟಲೆ ಸುಮ್ಮನಿದ್ದರೂ ರಿವಾಲ್ವರು ಕೈಕೊಡುವುದು ಕಡಿಮೆ, ಅದಕ್ಕೇ ಗುಡ್ಡಕ್ಕೆ ಹೋಗುವವರು ಇದನ್ನು ಬಯಸುತ್ತಾರೆ ಎಂದಳು. ಬೆನ್ನಚೀಲದ ಪಟ್ಟಿ ಅಡ್ಡ ಬರುವುದರಿಂದ ಸೊಂಟಕ್ಕಲ್ಲ, ಎದೆಗೆ ಕಟ್ಟಿಕೊಳ್ಳಬೇಕಂತೆ.

ಅಂಗಡಿಯ ಹಿಂದೆ ಗುಂಡು ಹಾರಿಸಿ ನೋಡುವ ಜಾಗವಿತ್ತು. ನಾವು ಗಾಜಿನ ಈಚೆ ನಿಂತೆವು. ಇರ್ಫಾನ್ ಭಾಯಿ ನಲವತ್ತನಾಲ್ಕು ಎಂಬುದನ್ನು ಹಿಡಿದು ಕಾಗದದ ಗುರಿಗೆ ಹಾರಿಸಿದರು. ಗುಂಡು ಎಲ್ಲಿ ಹೋಯಿತೋ ದೇವರೇ ಬಲ್ಲ. ನಾನು ಕಂಡದ್ದು ಬೇರೆ. ರಿವಾಲ್ವರಿನ ಕುದುರೆ ಎಳೆಯುವ ಮೊದಲೇ ಅವರು ಎರಡೂ ಕಣ್ಣು ಮುಚ್ಚುತ್ತಿದ್ದರು. ಪ್ರತಿ ಸಲವೂ.

ಆಕೆಯೂ ಕಂಡಳು. ಅದನ್ನು ತೆಗೆದಿಟ್ಟು ಒಂದು ಮೆಟ್ಟಿಲು ಕೆಳಗಿನ ನಂಬರನ್ನು, ಉಕ್ಕಿನ ತೂಕದ್ದನ್ನು, ಕೈಗಿಟ್ಟಳು. "ಇದು ಸದ್ದೂ ಒದೆಯೂ ಕಡಿಮೆ. ಕಣ್ಣು ತೆರೆದು ಹಾರಿಸಬಲ್ಲಿರಾ, ಇದೇ ನಿಮ್ಮದು. ಆಗುವುದಿಲ್ಲವೋ, ಕರಡಿಯ ಮುಖಕ್ಕೆ ಹೊಡೆಯುವ ಖಾರದ ಸ್ಪ್ರೇ ಡಬ್ಬಿ ಒಂದೇ ಒಯ್ಯಿರಿ," ಎಂದಳು. ಇರ್ಫಾನ್ ಭಾಯಿ ಹಾರಿಸುತ್ತ ಹೋದರು. ಕೊನೆಗೊಮ್ಮೆ ಕಣ್ಣು ಅರ್ಧ ತೆರೆದಿತ್ತು. ತಿರುಗಿ ಗಾಜಿನಾಚೆಯಿಂದ ಇವರನ್ನು ನೋಡಿದರು. ಇವರು ಹೂಂ ಅಂದರು. ವ್ಯಾಪಾರ ಮುಗಿಯಿತು. ಸ್ಪ್ರೇ ಡಬ್ಬಿ ನನ್ನ ಪಾಲಿಗೆ ಬಂತು.

ಹಾದಿ

ಇರ್ಫಾನ್ ಭಾಯಿ ಹುಡುಕಿಟ್ಟ ಒಂದು ಸುಣ್ಣಕಲ್ಲಿನ ಗುಡ್ಡ ನೋಡಲು ಮೂವರೂ ಹೊರಟೆವು. ಹಾದಿಯುದ್ದಕ್ಕೂ ಅವರದು ಒಂದೇ ಮಾತು, ಊಟದ ಮಾತು.

"ತಿನ್ನೋದು ಒಂದು ಚೂರೂ ನೆಲಕ್ಕ ಬೀಳಬಾರದು. ಮನುಷ್ಯಾರ ಅಡಗಿ ರುಚಿ ಒಮ್ಮೆ ಹತ್ತಿತಂದ್ರ ಕರಡಿ ಮಂದೀನ ಹುಡುಕ್ಕೋತ ಬರ್ತದ. ಬಂದ್ರ ಸರಕಾರದವ್ರು ಕೊಲ್ತಾರ. ನಮ್ಮ ಜೀವ ಉಳಿಬೇಕಂದ್ರೂ ಅಷ್ಟೇ, ಅದರ ಜೀವ ಉಳಿಬೇಕಂದ್ರೂ ಅಷ್ಟೇ."

ಇವರು ಈ ಮಾತನ್ನು ಗುರುವಿನ ಅಪ್ಪಣೆ ಎಂಬಂತೆ ಹಿಡಿದರು. ಕರಡಿ ತೆರೆಯಲಾಗದ ಗಟ್ಟಿ ಡಬ್ಬಿಯೊಂದಿತ್ತು. ಅದರೊಳಗೆ ಬುತ್ತಿಯ ಜೊತೆ ನನ್ನ ಟೂತ್‌ಪೇಸ್ಟು, ತಲೆನೋವಿನ ಮುಲಾಮು, ಏಲಕ್ಕಿ ಎಲ್ಲ ಹೋಯಿತು. ವಿಭೂತಿ ಗಟ್ಟಿಯನ್ನೂ ಮೂಸಿ ನೋಡಿ, ವಾಸನೆ ಇಲ್ಲವೆಂದು ಖಾತ್ರಿಯಾದ ಮೇಲೆ ಜೇಬಿಗೆ ಹಾಕಿಕೊಂಡರು. ಕಾರಿನಲ್ಲಿ ನಾನು ಬಾಯಿಗೆ ಹಾಕಿಕೊಂಡ ಶೇಂಗಾದ ಸಿಪ್ಪೆಯನ್ನೂ ಕೈಯೊಡ್ಡಿ ಇಸಿದುಕೊಂಡರು.

ರಸ್ತೆ ಒಂದು ಕೆರೆಯ ದಂಡೆಯಲ್ಲಿ ಮುಗಿಯಿತು. ಅಲ್ಲಿ ಕೆಲವು ಸಂಸಾರಗಳು ಡೇರೆ ಹೊಡೆದಿದ್ದವು, ಮಕ್ಕಳು ನೀರಿಗೆ ಕಲ್ಲು ಎಸೆಯುತ್ತಿದ್ದವು. ಕಾರು ಅಲ್ಲೇ ಬಿಟ್ಟು ಕುರುಚಲು ಗಿಡಗಳ ನಡುವಿನ ಕಾಲುದಾರಿ ಹಿಡಿದೆವು. ಇರ್ಫಾನ್ ಭಾಯಿ ಚಪ್ಪಾಳೆ ತಟ್ಟುತ್ತ, "ಬಂದೀವ್ರಿ, ಬಂದೀವಿ!" ಎಂದು ಕೂಗುತ್ತ ಮುಂದೆ ನಡೆದರು. ಅಲ್ಲಿಯ ಕರಡಿಗೆ ನಮ್ಮ ಕನ್ನಡವಾದರೂ ಆದೀತು, ಸಪ್ಪಳ ಮುಖ್ಯ. ತಿಳಿಸದೆ ಬರುವವರನ್ನು ಕಂಡರೆ ಅದಕ್ಕೆ ಸಿಟ್ಟಂತೆ.

ಗುಡ್ಡದ ಮೇಲಿನ ಬಯಲು

ಮೌನ ನನಗೆ ಹೊಸದಲ್ಲ. ಚಿಂಚೋಳಿಯ ಕಾಡಿಗೆ ನಾನು ಕಲಿಸುವ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ಆದರೆ ಅಲ್ಲಿ ಎಷ್ಟು ಒಳಗೆ ಹೋದರೂ ಕುರಿ ಕಾಯುವವನೊಬ್ಬನ ಮೊಬೈಲು ಎಲ್ಲೋ ಹಾಡುತ್ತಿರುತ್ತದೆ. ಈ ಬಯಲಿನಲ್ಲಿ ಹಕ್ಕಿಯೂ ಇರಲಿಲ್ಲ. ನೆಲಕ್ಕೆ ಹಾಸುಗಂಬಳಿಯಂಥ ಪಾಚಿ, ಕಾಲಿಟ್ಟರೆ ಸಪ್ಪಳವಿಲ್ಲ. ಸಂಜೆಯಾಯಿತು, ಆದರೆ ಮುಗಿಯಲಿಲ್ಲ. ಬೇಸಿಗೆಯಲ್ಲಿ ಅಲ್ಲಿ ಕತ್ತಲಾಗುವುದಿಲ್ಲ. ಯಾರೋ ದೀಪ ಸಣ್ಣದು ಮಾಡಿ ಮರೆತು ಹೋದಂತೆ ಬೆಳಕು ಹಾಗೇ ನಿಂತಿರುತ್ತದೆ. ಯಾರೋ ನೋಡುತ್ತಿದ್ದಾರೆ ಎಂದು ನನಗೆ ಅನ್ನಿಸುತ್ತಲೇ ಇತ್ತು. ಹೇಳಿದರೆ ನಗುತ್ತಾರೆಂದು ಹೇಳಲಿಲ್ಲ.

ನಾನು ಬುತ್ತಿ ಬಿಚ್ಚಿಟ್ಟು ಸಮೀಪದ ಝರಿಗೆ ನೀರು ತರಲು ಹೋದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಪುಡಿ ಚಟ್ನಿ, ಶೇಂಗಾ ಹೋಳಿಗೆ. ಇರ್ಫಾನ್ ಭಾಯಿ ಬೆನ್ನು ತಿರುಗಿಸಿ ಸ್ಟೋವಿನ ಮುಂದೆ ಕುಳಿತು ಚಹಾ ಕಾಸುತ್ತಿದ್ದರು. ಆಗ ಆ ಮಂಕು ಬೆಳಕಿನಲ್ಲಿ, ಏಳು ಸಮುದ್ರದಾಚೆ, ನನಗೆ ನಮ್ಮ ಹೊಲದ ದನಿ ಕೇಳಿಸಿತು.

"ಹುಲಗ್ಯೋ…"

ಗೊತ್ತಿಲ್ಲದವರಿಗೆ ಹೇಳಬೇಕು. ಎಳ್ಳಮಾಸೆ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ನಮ್ಮ ಕಡೆ ಎಲ್ಲರೂ ಹೊಲಕ್ಕೆ ಹೋಗುತ್ತೇವೆ. ಉಣ್ಣುವ ಮೊದಲು ಮಾಡಿದ ಅಡುಗೆಯನ್ನೆಲ್ಲ ಕಲಸಿ ಹೊಲದ ಸುತ್ತ ಭೂಮಿತಾಯಿಗೆ ಎರಚುತ್ತೇವೆ. ಅದು ಚರಗ. ಮುಂದಿನವನು ಎರಚುತ್ತ "ಹುಲಗ್ಯೋ" ಎಂದು ಕೂಗಿದರೆ ಹಿಂದೆ ನೀರು ಚಿಮುಕಿಸುತ್ತ ಬರುವವನು "ಚಲ್ಲಂಪಲ್ಲಗ್ಯೋ" ಎಂದು ಓಗೊಡಬೇಕು. ಊರಿಗೊಂದು ನಮೂನೆಯ ಕೂಗು, ಅರ್ಥ ಕೇಳಿದರೆ ಯಾರೂ ಹೇಳಲಾರರು. ಹಬ್ಬವಿರಲಿ ಬಿಡಲಿ, ಹೊಸ ನೆಲದಲ್ಲಿ ಬುತ್ತಿ ಬಿಚ್ಚಿದರೆ ಭೂಮಿಗೆ ಕೊಡದೆ ಇವರು ತುತ್ತು ಎತ್ತುವವರಲ್ಲ. ಇರ್ಫಾನ್ ಭಾಯಿ ಹುಡುಗರಾಗಿದ್ದಾಗ ಪ್ರತಿವರ್ಷ ಚಿತ್ತಾಪುರದ ನಮ್ಮ ಹೊಲಕ್ಕೆ ಬಂದು ನೀರಿನ ತಂಬಿಗೆ ಹಿಡಿದು ಇವರ ಹಿಂದೆ ನಡೆದವರು.

ಅದಕ್ಕೇ, ಕರಡಿಯ ಬಗ್ಗೆ ಅಷ್ಟು ಪಾಠ ಹೇಳಿದ ಮನುಷ್ಯ, ಚಹಾದಿಂದ ತಲೆಯೆತ್ತದೆ ಓಗೊಟ್ಟರು.

"ಚಲ್ಲಂಪಲ್ಲಗ್ಯೋ…"

ನನಗೆ ಅಳು ಬರುವಷ್ಟು ಸಂತೋಷವಾಯಿತು. ಝರಿಯ ಸದ್ದಿನಲ್ಲಿ ನೀರು ತುಂಬಿಸಿಕೊಂಡು ಮೇಲೆ ಬರುವಾಗ ಸ್ಟೋವು ಉರುಳಿದ ಸಪ್ಪಳ. ನಾನು ಓಡಿ ಬರುವಷ್ಟರಲ್ಲಿ ಇರ್ಫಾನ್ ಭಾಯಿ ಬಯಲಿನ ಅಂಚಿಗೆ ಹೋಗಿ ಇವರ ರಟ್ಟೆ ಹಿಡಿದಿದ್ದರು.

"ಏನ್ ಮಾಡ್ದಿ ಶರಣು? ಏನ್ ಮಾಡ್ದಿ?"

"ಏನ್ ಮಾಡ್ದೆ? ಚರಗ ಚೆಲ್ಲೀನಿ."

"ಹೋಳಿಗಿನೂ ಚೆಲ್ಲಿಯೇನೋ?"

"ಭೂಮಿತಾಯಿಗೆ ಬರೇ ರೊಟ್ಟಿ ಕೊಡ್ಲೇನು?"

"ತಿನ್ನೋದು ಒಂದು ಚೂರೂ ಬೀಳಬಾರದು ಅಂತ ನಾ ಹೇಳಿಲ್ಲೇನು!"

ಇವರು ನಿಜವಾಗಿಯೂ ಬೆರಗಾಗಿ ಗೆಳೆಯನ ಮುಖ ನೋಡಿದರು. "ಇದು ತಿನ್ನೋದು ಎಲ್ಲಿ ಆತೋ? ಇದು ಚರಗ."

ನನ್ನ ಶೇಂಗಾ ಸಿಪ್ಪೆಯನ್ನೂ ಇಸಿದುಕೊಂಡ ಗಂಡ ಬೆಲ್ಲದ ಹೋಳಿಗೆಯನ್ನು ಬಯಲಿನ ಸುತ್ತ ಎರಚಿ ಬಂದಿದ್ದರು. ಮೂವರೂ ಮೊಣಕಾಲೂರಿ ಪಾಚಿಯಲ್ಲಿ ಚೂರು ಹುಡುಕತೊಡಗಿದೆವು. ಕೈಗೆ ಸಿಕ್ಕಿದ್ದು ಒಂದು ಹಿಡಿ. ಉಳಿದದ್ದನ್ನು ಪಾಚಿ ನುಂಗಿತ್ತು. ಅಷ್ಟರಲ್ಲಿ ಗುಡ್ಡದಿಂದ ಮಂಜು ಇಳಿದು, ನಾವು ಬಂದ ದಾರಿಯೂ ಗಿಡಗಳೂ ಕಾಣದಾದವು.

"ಆಕಡಿ ಗಿಡದ ಹಿಂದನೂ ಚೆಲ್ಲೀನಿ," ಎಂದು ಇವರು ಸಣ್ಣ ದನಿಯಲ್ಲಿ ಹೇಳಿದರು. "ಅಲ್ಲೇ ನಿಂತು ಎರಡನೇ ಸಲ ಕೂಗಿದೆ. ನೀ ಓ ಅಂದೆಲ್ಲ."

ಇರ್ಫಾನ್ ಭಾಯಿ ಹುಡುಕುವುದನ್ನು ನಿಲ್ಲಿಸಿದರು.

"ನಾ ಒಮ್ಮೆನೇ ಓ ಅಂದೀನಿ ಶರಣು."

"ಇಲ್ಲಲೇ, ಎರಡನೇ ಸಲನೂ ಅಂದಿ. ಭಾಳ ಸಮೀಪಿಂದ. ಮಾತು ಬಿಡಿಸಿ ಕೇಳಲಿಲ್ಲ, ಎದಿಯೊಳಗಿಂದ ಹೂಂ ಅಂದಂಗಾತು. ನಿನಗ ನೆಗಡಿ ಆಗ್ಯದ ಅಂದ್ಕೊಂಡೆ."

ಇರ್ಫಾನ್ ಭಾಯಿಯ ಕೈ ಎದೆಯ ಮೇಲಿನ ರಿವಾಲ್ವರಿಗೆ ಹೋಯಿತು. ನಾನು ಸ್ಪ್ರೇ ಡಬ್ಬಿಯನ್ನು ಚೀಲದಿಂದ ಹೊರಗೆ ತೆಗೆದೆ.

ಮಂಜು

ಮಂಜಿನಲ್ಲಿ ಗಿಡಗಳ ನಡುವೆ ನಡೆಯುವುದು ಇನ್ನೂ ಅಪಾಯ ಎಂದು ಇರ್ಫಾನ್ ಭಾಯಿ ಅಲ್ಲೇ ಉಳಿಸಿದರು. ಮೂವರೂ ಬೆನ್ನಿಗೆ ಬೆನ್ನು ಕೊಟ್ಟು ಕುಳಿತೆವು. ಇವರು ಜೇಬಿನ ವಿಭೂತಿ ತೆಗೆದು ತಾವೂ ಹಚ್ಚಿಕೊಂಡು ನಮ್ಮಿಬ್ಬರ ಹಣೆಗೂ ಹಚ್ಚಿದರು. ಇರ್ಫಾನ್ ಭಾಯಿ ಬೇಡವೆನ್ನಲಿಲ್ಲ, ತುಟಿಯಲ್ಲೇ ದುವಾ ಹೇಳಿಕೊಳ್ಳುತ್ತಿದ್ದರು. ಆ ಬಿಳಿ ಮಂಜಿನಲ್ಲಿ ಆಗಾಗ ನೆಲ ಕೆರೆದ ಸಪ್ಪಳ ಬರುತ್ತಿತ್ತು, ಒಮ್ಮೆ ಆ ಕಡೆಯಿಂದ, ಒಮ್ಮೆ ಈ ಕಡೆಯಿಂದ. ತಟ್ಟೆ ಬಡಿದರೆ ನಿಲ್ಲುತ್ತಿತ್ತು. ಆಮೇಲೆ ಮತ್ತೆ ಶುರು.

ಬೆಳಗ್ಗೆ ಮಂಜು ಸ್ವಲ್ಪ ತೆಳುವಾಯಿತು. ಇವರು ಚರಗ ಚೆಲ್ಲಿದ ಕಡೆಯಲ್ಲೆಲ್ಲ ಪಾಚಿ ಕಿತ್ತು, ಕಪ್ಪು ಮಣ್ಣು ಮೇಲೆ ಬಂದಿತ್ತು. ಒದ್ದೆ ಮಣ್ಣಿನಲ್ಲಿ ಇವರ ಬೂಟಿನ ಗುರುತು, ಅದರ ಮೇಲೆಯೇ ಅಗಲವಾದ ಪಾದ, ಮುಂದೆ ಉಗುರಿನ ಗೀರು. ನಮ್ಮ ಸುತ್ತ ಇವರು ನಡೆದ ದಾರಿಯಲ್ಲೇ, ಒಂದು ಹೆಜ್ಜೆ ಆಚೀಚೆ ಆಗದಂತೆ, ಅದು ಪೂರ್ತಿ ಒಂದು ಸುತ್ತು ಬಂದಿತ್ತು. ಚರಗದ ಹಿಂದೆ ತಂಬಿಗೆ ಹಿಡಿದವನು ನಡೆಯುವುದೇ ಹಾಗೆ.

"ಏನ್ರಿ…" ಎಂದೆ ನಾನು. ಬೆರಳು ತೋರಿಸಿದೆ.

ಸುತ್ತು ಮುಗಿದ ಕಡೆಯಲ್ಲಿ ಅದು ಕುಳಿತಿತ್ತು. ಒಂದು ಕಿವಿ ಹರಿದಿತ್ತು. ಅಂಗಡಿಯ ಕರಡಿಯಂತೆ ಹಲ್ಲು ಕಿರಿದಿರಲಿಲ್ಲ, ಗುರುಗುಟ್ಟಲಿಲ್ಲ. ಇವರ ಕೈಯನ್ನು ನೋಡುತ್ತಿತ್ತು. ಪಂಕ್ತಿಯಲ್ಲಿ ಕುಳಿತವರು ಬಡಿಸುವವನ ಕೈ ನೋಡುತ್ತಾರಲ್ಲ, ಹಾಗೆ. ನನಗೆ ಹೆದರಿಕೆಯಾದದ್ದು ಅದರ ಗಾತ್ರದಿಂದಲ್ಲ, ಆ ನೋಟದಿಂದ.

ಇರ್ಫಾನ್ ಭಾಯಿ ರಿವಾಲ್ವರು ಎತ್ತಿದರು. ನಾನು ಅವರ ಮುಖ ನೋಡಿದೆ. ಎರಡೂ ಕಣ್ಣು ತೆರೆದಿದ್ದವು, ನೀರು ತುಂಬಿತ್ತು.

"ಇರ್ಫಾನ, ಹಾರಸಬ್ಯಾಡೋ," ಎಂದರು ಇವರು. "ಅದೇನೂ ಮಾಡಿಲ್ಲ. ನಾನೇ ಕರದೀನಿ."

"ಗೊತ್ತದ. ಹಿಂದಕ್ಕ ಸರೀರಿ ಇಬ್ರೂ. ಓಡಬ್ಯಾಡ್ರಿ."

ಹಿಮ್ಮುಖವಾಗಿ ನಡೆಯುತ್ತ ಕಾಲುದಾರಿಗೆ ಇಳಿದೆವು. ಅದು ಎದ್ದು ಹಿಂದೆ ಬಂತು. ನಾವು ನಿಂತರೆ ನಿಲ್ಲುತ್ತಿತ್ತು, ನಡೆದರೆ ನಡೆಯುತ್ತಿತ್ತು. ಇರ್ಫಾನ್ ಭಾಯಿ ಒಮ್ಮೆ ಪಕ್ಕದ ನೆಲಕ್ಕೆ ಗುಂಡು ಹಾರಿಸಿದರು. ಆ ಸದ್ದನ್ನು ಮಂಜು ಅರ್ಧಕ್ಕೇ ನುಂಗಿತು. ಕರಡಿ ಕುಳಿತಿತು, ಕಾಯಿತು, ಮತ್ತೆ ಎದ್ದು ಬಂತು. ನನ್ನ ಡಬ್ಬಿಯ ಖಾರ ಮುಟ್ಟುವಷ್ಟು ಹತ್ತಿರಕ್ಕೆ ಅದು ಬರಲೂ ಇಲ್ಲ, ಕಣ್ಣಿಗೆ ಮರೆಯಾಗಲೂ ಇಲ್ಲ. ಕೆರೆಯ ದಂಡೆಯ ಮಕ್ಕಳ ದನಿ ಕೇಳಿಸಿದಾಗ ಗಿಡಗಳ ಅಂಚಿನಲ್ಲಿ ನಿಂತುಬಿಟ್ಟಿತು. ನಾವು ಕಾರಿನ ಬಾಗಿಲು ಹಾಕಿಕೊಂಡೆವು. ಅದು ಈಗ ನಮ್ಮನ್ನು ನೋಡುತ್ತಿರಲಿಲ್ಲ. ಡೇರೆಗಳ ಕಡೆಗೆ ಮೂಗೆತ್ತಿ ನಿಂತಿತ್ತು.

ಮತ್ತೆ ಊರು

ಇರ್ಫಾನ್ ಭಾಯಿ ದಂಡೆಯ ಸಂಸಾರಗಳಿಗೆಲ್ಲ ಹೇಳಿ ಡೇರೆ ಕೀಳಿಸಿ, ಅರಣ್ಯದವರಿಗೆ ಫೋನು ಮಾಡಿದರು. ಮಾಡುವ ಮೊದಲು ಬಹಳ ಹೊತ್ತು ಫೋನು ಕೈಯಲ್ಲಿ ಹಿಡಿದು ಕುಳಿತಿದ್ದರು. ಹೇಳಿದರೆ ಅದನ್ನು ಕೊಲ್ಲುತ್ತಾರೆ, ಹೇಳದಿದ್ದರೆ ಯಾವುದೋ ಮಗುವಿನ ಡೇರೆಗೆ ಅದು ಹೋಗುತ್ತದೆ. "ಹೇಳು," ಎಂದವರು ನಮ್ಮ ಮನೆಯವರೇ. ಏನು ತಿಂದಿತು ಎಂದು ಆ ಕಡೆಯವರು ಕೇಳಿದರು. ಇರ್ಫಾನ್ ಭಾಯಿ ಹೋಳಿಗೆಯನ್ನು ಇಂಗ್ಲಿಷಿನಲ್ಲಿ ವಿವರಿಸಲು ಬೆಲ್ಲ, ಶೇಂಗಾ ಎಂದು ಒಂದೊಂದೇ ಹೆಸರು ಹೇಳಿದರು.

ಎರಡು ದಿನ ಬಿಟ್ಟು, ಇರ್ಫಾನ್ ಭಾಯಿಯ ಮನೆಯಲ್ಲಿ ಉಣ್ಣಲು ಕುಳಿತಾಗ, ಅರಣ್ಯದವರ ಫೋನು ಬಂತು. ಕರಡಿ ಹೊಸದಾಗಿ ಬಂದ ಪ್ರವಾಸಿಗಳ ಡೇರೆಯೊಂದನ್ನು ಹರಿದಿತ್ತು. ಒಳಗೆ ಯಾರೂ ಇರಲಿಲ್ಲ, ಪುಣ್ಯ. ಅಲ್ಲೇ ಅದನ್ನು ಹೊಡೆದರಂತೆ. ಗುಂಡು ಬೀಳುವವರೆಗೂ ಓಡಲಿಲ್ಲವಂತೆ, ಕುಳಿತೇ ಇತ್ತಂತೆ. ಇಷ್ಟನ್ನು ಹೇಳಿ ಇರ್ಫಾನ್ ಭಾಯಿ ಎದ್ದು ಹೋದರು. ಇವರು ತಟ್ಟೆ ಮುಂದಿಟ್ಟುಕೊಂಡು ಉಣ್ಣದೆ ಕುಳಿತರು. ನನಗೆ ಬೈಯುವಷ್ಟು ಸಿಟ್ಟಿತ್ತು, ಆದರೆ ಆ ಮುಖ ನೋಡಿ ಬೈಯಲಾಗಲಿಲ್ಲ.

ಹೊರಡುವ ಮುಂಚೆ ಇನ್ನಷ್ಟು ಗುಂಡು ಕೊಳ್ಳಲೆಂದು ಆ ಅಂಗಡಿಗೆ ಮತ್ತೆ ಹೋದೆವು. "ರಿವಾಲ್ವರು ಕರಡಿಯ ಮೇಲೆ ಬಳಸಬೇಕಾಯಿತೇ?" ಎಂದು ಆಕೆ ಕೇಳಿದಳು. ಇಲ್ಲ ಎಂದರು ಇರ್ಫಾನ್ ಭಾಯಿ. "ಹಾಗಾದರೆ ನಿಮ್ಮ ಪ್ರವಾಸ ಚೆನ್ನಾಗಿ ಆಯಿತು," ಎಂದು ಆಕೆ ನಕ್ಕಳು. ನಾವು ಮೂವರೂ ಬಾಗಿಲ ಕರಡಿಯನ್ನು ನೋಡದೆ ಹೊರಗೆ ಬಂದೆವು.

ಚಿತ್ತಾಪುರದ ಹೊಲ

ಎಳ್ಳಮಾಸೆ ಬಂತು. ಈ ವರ್ಷ ಇವರು ಚರಗದ ಬುಟ್ಟಿ ಮುಟ್ಟಲಾರರು ಎಂದುಕೊಂಡಿದ್ದೆ. ನಾನು ಕೇಳುವ ಮೊದಲೇ ಎತ್ತಿಕೊಂಡರು. ಮೈದುನ ಸಿದ್ದು ನೀರಿನ ತಂಬಿಗೆ ಹಿಡಿದು ಹಿಂದೆ ನಡೆದ. ಅಲಾಸ್ಕಾದ ಕಥೆ ಅವನಿಗೆ ನಾವು ಹೇಳಿರಲಿಲ್ಲ. ತೊಗರಿ ಆಳೆತ್ತರ ಬೆಳೆದು ಕಾಯಿ ಬಲಿತಿತ್ತು.

ಮೊದಲ ಬದುವಿನಲ್ಲಿ ಇವರು ಕೂಗಿದರು, ಸಿದ್ದು ಓಗೊಟ್ಟ. ಎರಡನೆಯದರಲ್ಲೂ, ಮೂರನೆಯದರಲ್ಲೂ ಹಾಗೇ. ಕೊನೆಯ ಬದುವಿನಲ್ಲಿ, ತೊಗರಿ ದಟ್ಟವಾಗಿದ್ದ ಕಡೆ, ಇವರು "ಹುಲಗ್ಯೋ…" ಎಂದವರೇ ಎಡಗೈ ಹಿಂದಕ್ಕೆ ಎತ್ತಿ ಸಿದ್ದುವನ್ನು ತಡೆದರು. ಅವನ ಬಾಯಿ ತೆರೆದದ್ದು ಹಾಗೇ ನಿಂತಿತು. ಉಣ್ಣಲು ಕುಳಿತಿದ್ದವರೆಲ್ಲ ಈ ಕಡೆ ತಿರುಗಿದರು. ಇವರು ಮುಷ್ಟಿಯಲ್ಲಿ ತುತ್ತು ಹಿಡಿದು ತೊಗರಿಯ ಕಡೆ ಕಿವಿಗೊಟ್ಟು ನಿಂತಿದ್ದರು.

"ಯಾಕೋ ಅಣ್ಣಾ?" ಎಂದ ಸಿದ್ದು.

ಅಲಾಸ್ಕಾದ ಗಿಡದ ಹಿಂದಿನ ಆ ಹೂಂಗೆ ಇವರು ಕಾಯುತ್ತಿದ್ದಾರೆಂದು ನನಗೆ ತಿಳಿಯಿತು. ನಾನೂ ಉಸಿರು ಹಿಡಿದು ಕೇಳಿದೆ. ಗಾಳಿಗೆ ಒಣಗಿದ ಕಾಯಿ ಸದ್ದು ಮಾಡಿದವು.

"ಏನ್ರಿ, ಚೆಲ್ರಿ," ಎಂದೆ.

"ತಡಿ, ಇನ್ನೊಂದ್ಸಲ ಕರೀತೀನಿ," ಎಂದರು. ಕರೆದರು.

ಆ ಸಲವೂ ತೊಗರಿಯೊಳಗಿಂದ ಯಾರೂ ಓಗೊಡಲಿಲ್ಲ.